ಮಲೆನಾಡಿನ ಹಿತ್ತಲ ತೋಟದವರ ಕೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೂಟ ಯಾರಿಗೆ?

ಮನೆ ಹಿಂದೆ, ಮನೆ ಮುಂದೆ, ಅಂಗಳದ ಅಂಚಲ್ಲಿ, ಅಡಿಕೆ ತೋಟದ ಬದುವಿನಲ್ಲಿ ಮನೆಖರ್ಚಿಗೆ ತರಕಾರಿ, ಸೊಪ್ಪು, ಹೂವು ಬೆಳೆಯುವ ಎಲ್ಲರಿಗೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗದವರು ಹೆಚ್ಚು ಬರುತ್ತಾರೆ. ಕೊಪ್ಪ, ಶೃಂಗೇರಿ, ಶಿರಸಿ, ಸಿದ್ದಾಪುರದವರೂ ನಮ್ಮವರೇ. ಎಕರೆಗಟ್ಟಲೆ ತರಕಾರಿ ಹಾಕಿ ಮಾರುಕಟ್ಟೆಗೆ ಕಳಿಸುವವರು ಬಂದರೆ ಸಂತೋಷ. ಆದರೆ ಮಾತು ನಡೆಯುವುದು ನಾಲ್ಕು ಬುಡ ಬದನೆ, ಒಂದು ಚಪ್ಪರ ಹೀರೆ, ಬಚ್ಚಲ ನೀರು ಹರಿಯುವ ಕಡೆ ಹಬ್ಬಿದ ಬಸಳೆ ಇವುಗಳ ಬಗ್ಗೆಯೇ.

ಬೆಂಗಳೂರಿನಲ್ಲಿ ಕೈತೋಟದ ಕಾರ್ಯಕ್ರಮ ಬೇಕಾದಷ್ಟು ನಡೆಯುತ್ತವೆ. ಮಲೆನಾಡಿಗೆ ಬೇರೆ ಯಾಕೆ?

ಮಳೆ ಬೇರೆ, ಮಣ್ಣು ಬೇರೆ, ಬಿಸಿಲು ಬೇರೆ. ಅಲ್ಲಿ ಹೇಳಿಕೊಡುವುದು ತಪ್ಪಲ್ಲ, ಅದು ಅಲ್ಲಿಗೆ ಸರಿ. ಬಯಲುಸೀಮೆಯಲ್ಲಿ ಮೊದಲ ಪಾಠ ನೀರು ಉಳಿಸುವುದು: ಗುಂಡಿ ತೆಗೆದು ಗಿಡ ಹಾಕಿ, ಬುಡದಲ್ಲಿ ನೀರು ನಿಲ್ಲುವ ಹಾಗೆ ಮಾಡಿ ಅಂತಾರೆ. ಅದನ್ನೇ ಜೂನ್ ತಿಂಗಳಲ್ಲಿ ತೀರ್ಥಹಳ್ಳಿ ಕಡೆ ಮಾಡಿದರೆ ಗಿಡ ವಾರದೊಳಗೆ ಕೊಳೆಯುತ್ತದೆ. ನಮಗೆ ಬೇಕಾದದ್ದು ನೀರು ಹರಿದು ಹೋಗುವ ದಾರಿ. ಗಿಡ ಹಾಕುವ ಮಡಿ ಎತ್ತರವಾಗಿರಬೇಕು, ನಡುವೆ ಕಾಲುವೆ ಇರಬೇಕು, ಇಳಿಜಾರಿನ ಕಡೆ ಬಾಯಿ ಬಿಡಿಸಿರಬೇಕು.

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ. ಅಲ್ಲಿಂದ ನೂರು ಕಿ.ಮೀ. ಒಳಗಿರುವ ಶಿವಮೊಗ್ಗ ಪೇಟೆಯಲ್ಲಿ 1000 ಮಿ.ಮೀ. ಆಸುಪಾಸು. ಒಂದೇ ಜಿಲ್ಲೆಯಲ್ಲೇ ಇಷ್ಟು ಅಂತರ ಇರುವಾಗ ರಾಜ್ಯಕ್ಕೆಲ್ಲ ಒಂದೇ ಪಾಠ ಹೇಗೆ ಸಾಕಾಗುತ್ತದೆ? ಹಾಗಾಗಿ ಕೂಟದಲ್ಲಿ ಯಾರೇ ಮಾತಾಡಲು ಎದ್ದರೂ ಮೊದಲು ತಮ್ಮೂರಿನ ಹೆಸರು ಹೇಳುತ್ತಾರೆ. ಊರು ಗೊತ್ತಾದರೆ ಮಳೆ ಗೊತ್ತಾಗುತ್ತದೆ. ಮಳೆ ಗೊತ್ತಾದರೆ ಆ ಸಲಹೆ ನಮ್ಮ ಹಿತ್ತಲಿಗೆ ಹೊಂದುತ್ತದಾ ಅಂತ ಕೇಳುವವರಿಗೇ ತಿಳಿಯುತ್ತದೆ.

ಮಣ್ಣಿನ ಕಥೆಯೂ ಹಾಗೇ. ಇಷ್ಟು ಮಳೆ ಬೀಳುವ ಜಾಗದಲ್ಲಿ ಮಣ್ಣಿನ ಸುಣ್ಣ, ಪೊಟ್ಯಾಷ್ ಎಲ್ಲ ತೊಳೆದುಕೊಂಡು ಹೋಗುತ್ತವೆ. ಉಳಿಯುವುದು ಕೆಂಪು ಜಂಬಿಟ್ಟಿಗೆ ಮಣ್ಣು, ಅದೂ ಹುಳಿ (ಆಮ್ಲೀಯ) ಮಣ್ಣು. ಗೊಬ್ಬರ ಎಷ್ಟು ಸುರಿದರೂ ಗಿಡ ಏಳುತ್ತಿಲ್ಲ ಅನ್ನುವವರು ಬಹಳ ಜನ. ಹಲವು ಕಡೆ ಕೊರತೆ ಗೊಬ್ಬರದ್ದಲ್ಲ, ಸುಣ್ಣದ್ದು. ನಮ್ಮ ಅಜ್ಜಿಯರು ಒಲೆ ಬೂದಿಯನ್ನು ತಪ್ಪದೆ ಬದನೆ, ಹರಿವೆ ಬುಡಕ್ಕೆ ಹಾಕುತ್ತಿದ್ದರಲ್ವಾ, ಅದು ಸುಮ್ನೆ ಅಲ್ಲ. ಬೂದಿ ಹುಳಿ ತಗ್ಗಿಸುತ್ತದೆ, ಪೊಟ್ಯಾಷನ್ನೂ ಕೊಡುತ್ತದೆ. ಈಗ ಮನೆಮನೆಗೆ ಗ್ಯಾಸ್ ಬಂದು ಬೂದಿ ಕಡಿಮೆಯಾಗಿದೆ. ಅದರ ಜಾಗಕ್ಕೆ ಕೃಷಿ ಸುಣ್ಣ ಬರಬೇಕು. ಎಷ್ಟು ಅನ್ನುವುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ.

ಯಾವಾಗ ನಡೆಯುತ್ತದೆ?

ದೊಡ್ಡ ಕೂಟ ಭರಣಿ ಮಳೆಯ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆ, ಮೇ ಮೊದಲ ವಾರ. ಆ ಹೊತ್ತಿಗೆ ಅಡಿಕೆ ಸುಲಿತ ಮುಗಿದಿರುತ್ತದೆ. ಮಕ್ಕಳಿಗೆ ರಜೆ. ಮದುವೆ ಮುಂಜಿ ಜಾಸ್ತಿ ಅನ್ನುವುದು ನಿಜ, ಆದರೂ ಅದೇ ಸರಿಯಾದ ಕಾಲ. ‘ಭರಣಿ ಮಳೆ ಬಂದರೆ ಧರಣಿ ಎಲ್ಲ ಬೆಳೆ’ ಅನ್ನುತ್ತಾರೆ. ಒಂದು ಹದ ಮಳೆ ಬಿದ್ದ ಕೂಡಲೇ ಬೀಜ ಮಣ್ಣಿಗೆ ಬೀಳಬೇಕು. ಸೌತೆ, ಹೀರೆ, ಬೆಂಡೆ, ಅಲಸಂಡೆ ಕೃತ್ತಿಕೆಯಲ್ಲಿ ಹುಟ್ಟಿ, ರೋಹಿಣಿಯಲ್ಲಿ ಬೇರು ಬಿಟ್ಟು, ಆರಿದ್ರಾ ಜಡಿಮಳೆ ಹಿಡಿಯುವಷ್ಟರಲ್ಲಿ ಚಪ್ಪರ ಹತ್ತಿದ್ದರೆ ಬಚಾವ್. ಜೂನ್ ಕೊನೆಯಲ್ಲಿ ಬೀಜ ಸಿಕ್ಕರೆ ಏನೂ ಪ್ರಯೋಜನವಿಲ್ಲ.

ಸಣ್ಣ ಕೂಟ ಭೂಮಿ ಹುಣ್ಣಿಮೆಯ ನಂತರ, ಅಂದರೆ ಅಕ್ಟೋಬರ್ ಆಸುಪಾಸು. ಆಗ ಮಳೆಗಾಲದ ಬಳ್ಳಿ ಮುಗಿದು ಬದನೆ, ಮೆಣಸು, ಮೂಲಂಗಿ, ಹರಿವೆಯ ಸರದಿ. ಭೂಮಿ ಹುಣ್ಣಿಮೆಗೆ ಊರ ಸುತ್ತಿನ ಸೊಪ್ಪೆಲ್ಲ ಕೊಯ್ದು ಬೆರಕೆ ಮಾಡಿ ಗದ್ದೆಗೆ ಬೀರುವ ಪದ್ಧತಿ ಸಾಗರ, ಸೊರಬದ ಕಡೆ ಇನ್ನೂ ಇದೆ. ಆ ಬೆರಕೆಗೆ ಯಾವ ಯಾವ ಸೊಪ್ಪು ಬೇಕು ಅಂತ ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆದುಕೊಂಡು ಬನ್ನಿ. ಇದು ನಮ್ಮ ಕೋರಿಕೆ. ಎಷ್ಟೋ ಸೊಪ್ಪಿನ ಹೆಸರು ಆ ಒಂದು ದಿನ ಬಿಟ್ಟರೆ ಬೇರೆ ದಿನ ಯಾರ ಬಾಯಲ್ಲೂ ಬರುವುದಿಲ್ಲ.

ಬೀಜ ತರಬೇಕಾ? ಹೇಗೆ ತರಬೇಕು?

ತನ್ನಿ. ಕೂಟದ ಜೀವ ಇರುವುದೇ ಬೀಜದ ಜಗಲಿಯಲ್ಲಿ, ಅಂದರೆ ಎಲ್ಲರೂ ಕೂತು ಬೀಜ ಹಂಚಿಕೊಳ್ಳುವ ಜಾಗದಲ್ಲಿ. ಭಾಷಣ ಕೇಳದಿದ್ದರೂ ಪರವಾಗಿಲ್ಲ, ಅಲ್ಲಿ ಒಂದು ತಾಸು ಕೂತು ಹೋಗಿ.

ಸಣ್ಣ ಸಣ್ಣ ಪೊಟ್ಟಣ ಮಾಡಿ. ಒಂದು ಮನೆಗೆ ಹತ್ತು ಹದಿನೈದು ಸೌತೆ ಬೀಜ ಸಾಕು, ಒಂದು ಚಿಟಿಕೆ ಹರಿವೆ ಸಾಕು. ಪೊಟ್ಟಣದ ಮೇಲೆ ಇಷ್ಟು ಬರೆಯಿರಿ: ನಿಮ್ಮ ಮನೆಯಲ್ಲಿ ಅದಕ್ಕೆ ಏನಂತ ಕರೆಯುತ್ತೀರಿ, ಯಾವ ಊರು, ಯಾವ ತಿಂಗಳಲ್ಲಿ ಹಾಕುತ್ತೀರಿ, ಬೀಜ ತೆಗೆದ ವರ್ಷ, ಮತ್ತು ಅದು ಯಾರ ಕೈಯಿಂದ ನಿಮಗೆ ಬಂತು. ಕೊನೆಯದನ್ನು ಬಿಡಬೇಡಿ. ‘ಅತ್ತೆಮನೆಯಿಂದ ತಂದ ಉದ್ದ ಬದನೆ’ ಅಂತ ಬರೆದರೂ ಸಾಕು. ಮುಂದೆ ಯಾರಾದರೂ ಹುಡುಕಿಕೊಂಡು ಹೊರಟರೆ ದಾರಿ ಸಿಗುತ್ತದೆ.

ಬೀಜ ಚೆನ್ನಾಗಿ ಒಣಗಿರಬೇಕು. ಅಲಸಂಡೆ, ಅವರೆ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ. ಹಲ್ಲಿನ ಗುರುತು ಮೂಡಿದರೆ ಇನ್ನೂ ಹಸಿ. ಸೌತೆ, ಮೊಗೆಕಾಯಿ ಬೀಜವನ್ನು ತಿರುಳಿನ ಸಮೇತ ಎರಡು ದಿನ ನೀರಲ್ಲಿ ಬಿಟ್ಟು, ಹುಳಿ ಬಂದ ಮೇಲೆ ತೊಳೆದರೆ ಲೋಳೆ ಸಲೀಸಾಗಿ ಬಿಡುತ್ತದೆ. ತೇಲುವ ಬೀಜ ಜೊಳ್ಳು, ಅದನ್ನು ಚೆಲ್ಲಿ. ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿ, ಬೂದಿ ಹಚ್ಚಿಡಿ.

ತರುವ ಮೊದಲು ಮೊಳಕೆ ನೋಡಿಕೊಂಡರೆ ಇನ್ನೂ ಒಳ್ಳೆಯದು. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಏಳೆಂಟು ಮೊಳೆತರೆ ಧೈರ್ಯವಾಗಿ ಹಂಚಿ. ಮೂರೋ ನಾಲ್ಕೋ ಮೊಳೆತರೆ ಅದನ್ನೂ ಪೊಟ್ಟಣದ ಮೇಲೆ ಬರೆಯಿರಿ, ತೆಗೆದುಕೊಳ್ಳುವವರು ದಟ್ಟವಾಗಿ ಹಾಕಿಕೊಳ್ಳುತ್ತಾರೆ.

ತೆಗೆದುಕೊಂಡು ಹೋದ ಬೀಜ ಮಳೆಗಾಲದಲ್ಲಿ ಹಾಳಾಗುತ್ತದೆ. ಏನು ಮಾಡುವುದು?

ಆದಷ್ಟು ಬೇಗ ಹಾಕಿಬಿಡಿ. ಉಳಿಸಲೇಬೇಕು ಅಂದರೆ ಪೇಪರ್ ಪೊಟ್ಟಣದಲ್ಲಿ ಬಿಡಬೇಡಿ. ಜುಲೈಯಲ್ಲಿ ನಮ್ಮ ಮನೆಗಳಲ್ಲಿ ಪೇಪರ್ ತಾನೇ ತೇವ ಕುಡಿಯುತ್ತದೆ. ಗಾಜಿನ ಬಾಟಲಿಯ ತಳಕ್ಕೆ ಹುರಿದು ತಣಿಸಿದ ಅಕ್ಕಿಯನ್ನೋ ಒಣ ಬೂದಿಯನ್ನೋ ಎರಡು ಬೆರಳಷ್ಟು ಹಾಕಿ, ಮೇಲೆ ಬಟ್ಟೆಯಲ್ಲಿ ಕಟ್ಟಿದ ಬೀಜ ಇಟ್ಟು ಬಿಗಿಯಾಗಿ ಮುಚ್ಚಿ. ಹಿಂದೆ ಸೌತೆ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ಬಡಿಯುತ್ತಿದ್ದರು, ಹೀರೆಕಾಯನ್ನು ಇಡಿಯಾಗಿ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದರು. ಹೊಗೆ ತಾಗುವ ಅಟ್ಟ ಇನ್ನೂ ಇದ್ದರೆ ಬಾಟಲಿಯ ಗೊಡವೆಯೇ ಬೇಡ.

ನನ್ನ ಹತ್ತಿರ ಕೊಡಲು ಬೀಜವೇ ಇಲ್ಲ. ಬರಿಗೈಯಲ್ಲಿ ಬರಬಹುದಾ?

ಖಂಡಿತ ಬನ್ನಿ. ಹೊಸದಾಗಿ ಶುರು ಮಾಡುವವರ ಹತ್ತಿರ ಬೀಜ ಎಲ್ಲಿಂದ ಬರಬೇಕು? ಒಂದೇ ಒಂದು ಮಾತು ಕೊಡಿ: ಈ ವರ್ಷ ತೆಗೆದುಕೊಂಡ ತಳಿಗಳಲ್ಲಿ ಕನಿಷ್ಠ ಒಂದರ ಬೀಜ ಉಳಿಸಿ ಮುಂದಿನ ವರ್ಷ ಇನ್ನಿಬ್ಬರಿಗೆ ಕೊಡುತ್ತೇನೆ ಅಂತ. ಒಂದು ತಳಿ ಒಂದೇ ಮನೆಯಲ್ಲಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಒಂದು ವರ್ಷ ಮಳೆ ಜಾಸ್ತಿಯಾದರೆ, ಬೀಜ ನೋಡಿಕೊಳ್ಳುತ್ತಿದ್ದ ಅಮ್ಮ ಹಾಸಿಗೆ ಹಿಡಿದರೆ, ಅಲ್ಲಿಗೆ ಮುಗಿಯಿತು. ಮೂರು ಮನೆಯಲ್ಲಿದ್ದರೆ ಒಂದು ಕಡೆಯಾದರೂ ಉಳಿಯುತ್ತದೆ. ನಾವು ಇಷ್ಟೆಲ್ಲ ಓಡಾಡುವುದು ಇದಕ್ಕಾಗಿಯೇ.

ಹೈಬ್ರಿಡ್ ಬೀಜ ತಂದು ಹಂಚಬಹುದಾ?

ಅಂಗಡಿಯಿಂದ ತಂದ ಪ್ಯಾಕೆಟ್ಟನ್ನು ಬೀಜದ ಜಗಲಿಯಲ್ಲಿ ಇಡಬೇಡಿ. ಹೈಬ್ರಿಡ್ ಬೆಳೆಯುವುದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಅದರ ಕಾಯಿಯಿಂದ ತೆಗೆದ ಬೀಜ ಮುಂದಿನ ವರ್ಷ ತಾಯಿಯ ಹಾಗೆ ಬರುವುದಿಲ್ಲ, ಒಂದೊಂದು ಗಿಡ ಒಂದೊಂದು ಥರ. ತೆಗೆದುಕೊಂಡವರಿಗೆ ಮೋಸವಾಗುತ್ತದೆ.

ನಮ್ಮನೆ ಊರ ಸೌತೆಯೇ ಈ ಸಲ ಬೇರೆ ಥರ ಕಾಯಿ ಬಿಟ್ಟಿದೆ. ಯಾಕೆ?

ಕಳೆದ ವರ್ಷ ಪಕ್ಕದ ಮನೆಯವರು ಬೇರೆ ಜಾತಿ ಸೌತೆ ಹಾಕಿದ್ದರಾ ಕೇಳಿ ನೋಡಿ. ಸೌತೆ, ಹೀರೆ, ಕುಂಬಳ, ಸೋರೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಜೇನು, ದುಂಬಿ ಎಲ್ಲಿಂದಲೋ ಪರಾಗ ತರುತ್ತವೆ, ತಳಿ ಬೆರಕೆಯಾಗುತ್ತದೆ. ಈ ವರ್ಷ ತಿನ್ನುವ ಕಾಯಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಬೀಜದಲ್ಲಿ ಸೇರಿಕೊಂಡಿದ್ದು ಮುಂದಿನ ವರ್ಷ ಕಾಣುತ್ತದೆ. ಅಲಸಂಡೆ, ಬೀನ್ಸ್, ಟೊಮೆಟೊಗಳಲ್ಲಿ ಈ ತಾಪತ್ರಯ ಬಹಳ ಕಡಿಮೆ. ಬೆಂಡೆ, ಬದನೆ, ಮೆಣಸು ನಡುವಿನವು. ಹೊಸಬರು ಅಲಸಂಡೆಯಿಂದ ಶುರು ಮಾಡಿ ಅಂತ ನಾವು ಹೇಳುವುದು ಇದಕ್ಕೇ.

ಬಳ್ಳಿ ತರಕಾರಿಯ ಶುದ್ಧ ಬೀಜ ಬೇಕಾದರೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಕೂಟದಲ್ಲಿ ಇದನ್ನು ಹೀರೆ ಚಪ್ಪರದ ಕೆಳಗೇ ನಿಂತು ತೋರಿಸುತ್ತೇವೆ. ಹೀರೆ ಹೂವು ಅರಳುವುದು ಸಂಜೆ, ಕುಂಬಳದ್ದು ಬೆಳಗಿನ ಜಾವ. ಹೀರೆಯಾದರೆ ಮಧ್ಯಾಹ್ನವೇ ಚಪ್ಪರದ ಕೆಳಗೆ ಹೋಗಿ ಹುಡುಕಿ. ಹೆಣ್ಣು ಮೊಗ್ಗಿನ ಹಿಂದೆ ಬೆರಳಿನಷ್ಟು ಎಳೆಕಾಯಿ ಇರುತ್ತದೆ, ಗಂಡು ಮೊಗ್ಗಿಗೆ ಬರೀ ತೊಟ್ಟು. ಅಂದು ಸಂಜೆ ಅರಳುವ ಮೊಗ್ಗಿನ ತುದಿಯಲ್ಲಿ ಹಳದಿ ಇಣುಕುತ್ತಿರುತ್ತದೆ. ಹೆಣ್ಣು ಮೊಗ್ಗಿಗೂ ಗಂಡು ಮೊಗ್ಗಿಗೂ ತೆಳು ಬಟ್ಟೆಯ ಚೀಲ ಕಟ್ಟಿ. ಸಂಜೆ ಹೂವು ಬಿಚ್ಚಿದ ಮೇಲೆ ಗಂಡು ಹೂವನ್ನು ಕಿತ್ತು, ಎಸಳು ಹರಿದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಉಜ್ಜಿ. ಮತ್ತೆ ಚೀಲ ಕಟ್ಟಿ. ಎರಡು ಮೂರು ದಿನದಲ್ಲಿ ಕಾಯಿ ಊದಿಕೊಂಡರೆ ಚೀಲ ತೆಗೆದು ತೊಟ್ಟಿಗೆ ಬಣ್ಣದ ದಾರ ಕಟ್ಟಿಬಿಡಿ, ಸಾರಿಗೆ ಅಂತ ಯಾರೂ ಕೊಯ್ಯದ ಹಾಗೆ. ಆ ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು.

ಹೀಗೆ ಬೀಜ ಹಂಚಿಕೊಳ್ಳುವುದಕ್ಕೆ ಕಾನೂನಿನ ತೊಡಕು ಇದೆಯಾ?

ಇಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001 ರೈತರಿಗೆ ಈ ಹಕ್ಕು ಕೊಟ್ಟಿದೆ. ತಾವು ಬೆಳೆದದ್ದರ ಬೀಜ ಉಳಿಸಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯಾದರೆ ಅದನ್ನು ಬ್ರಾಂಡ್ ಹಾಕಿ ಮಾರುವ ಹಾಗಿಲ್ಲ, ಅಷ್ಟೇ. ರೈತರು ತಮ್ಮದೇ ತಳಿಯನ್ನು ನೋಂದಾಯಿಸಲು ಕೂಡ ಅದೇ ಕಾಯ್ದೆಯಲ್ಲಿ ಅವಕಾಶ ಇದೆ.

ಏನು ತರಬಾರದು?

ಮಣ್ಣು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣಿನ ಸಮೇತ ಬದನೆ, ಟೊಮೆಟೊ, ಮೆಣಸಿನ ಸಸಿ ತರುವವರಿದ್ದಾರೆ. ಪ್ರೀತಿಯಿಂದಲೇ ತರುತ್ತಾರೆ. ಆದರೆ ಸೊರಗು ರೋಗ ಬರುವುದು ಆ ಮಣ್ಣಿನಲ್ಲೇ. ಒಂದು ಹಿತ್ತಲಿಗೆ ಹೊಕ್ಕರೆ ವರ್ಷಗಟ್ಟಲೆ ಬಿಡುವುದಿಲ್ಲ. ಬೀಜ ತನ್ನಿ, ಸಸಿ ಬೇಡ. ಹಾಗೆಯೇ ಕೊಳೆರೋಗ ಬಂದ ಮಡಿಯ ಶುಂಠಿ ಗಡ್ಡೆ, ಎಲೆ ಮುದುಡಿದ ಬಾಳೆಯ ಕಂದು ಕೂಡ ಬೇಡ. ಕೆಸುವಿನ ಗಡ್ಡೆ, ಸುವರ್ಣಗಡ್ಡೆ, ಅರಿಶಿನ ತರುವುದಾದರೆ ಮಣ್ಣು ತೊಳೆದು ಒಣಗಿಸಿ ತನ್ನಿ.

ಟೊಮೆಟೊ ಗಿಡ ಚೆನ್ನಾಗಿದ್ದದ್ದು ಒಂದೇ ದಿನದಲ್ಲಿ ಬಾಡುತ್ತದೆ. ಯಾರಾದರೂ ಹೇಳುತ್ತೀರಾ?

ಪ್ರತಿ ಕೂಟದಲ್ಲೂ ಮೊದಲು ಬರುವ ಪ್ರಶ್ನೆ ಇದು. ಎಲೆ ಹಳದಿಯಾಗದೆ, ಹಸಿರಾಗಿದ್ದಾಗಲೇ ಗಿಡ ಜೋತುಬಿದ್ದರೆ ಅದು ಬಹುಪಾಲು ಬ್ಯಾಕ್ಟೀರಿಯಾ ಸೊರಗು. ಮನೆಯಲ್ಲೇ ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡವನ್ನು ಗೇಣಷ್ಟು ಉದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಹಿಡಿಯಿರಿ. ಅಲ್ಲಾಡಿಸಬೇಡಿ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಬಾಯಿಂದ ಬಿಳಿ ಎಳೆ ನೂಲಿನ ಹಾಗೆ ಕೆಳಕ್ಕೆ ಇಳಿದರೆ ಅದೇ ರೋಗ.

ಬಂದ ಗಿಡಕ್ಕೆ ಔಷಧಿ ಇಲ್ಲ. ಬೇರು ಸಮೇತ ಕಿತ್ತು ಸುಟ್ಟುಬಿಡಿ, ಗೊಬ್ಬರ ಗುಂಡಿಗೆ ಹಾಕಬೇಡಿ. ಆ ಜಾಗದಲ್ಲಿ ಎರಡು ಮೂರು ವರ್ಷ ಬದನೆ, ಮೆಣಸು, ಟೊಮೆಟೊ, ಆಲೂಗಡ್ಡೆ ಯಾವುದೂ ಬೇಡ. ಮೆಕ್ಕೆಜೋಳ, ಅಲಸಂಡೆ, ಹರಿವೆ ಹಾಕಿ. ಟೊಮೆಟೊ ಬೇಕೇ ಬೇಕು ಅಂದರೆ ಎರಡು ದಾರಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಈ ಸೊರಗನ್ನು ತಡೆಯುತ್ತವೆ. ಹೈಬ್ರಿಡ್ ಆದ್ದರಿಂದ ಪ್ರತಿ ವರ್ಷ ಬೀಜ ಕೊಳ್ಳಬೇಕು. ಇನ್ನೊಂದು ದಾರಿ ಸುಂಡೆ ಗಿಡದ ಬೇರಿನ ಮೇಲೆ ಬದನೆ ಅಥವಾ ಟೊಮೆಟೊ ಕಸಿ ಮಾಡುವುದು. ಸುಂಡೆ ನಮ್ಮಲ್ಲಿ ರಸ್ತೆ ಬದಿಯಲ್ಲೇ ಸಿಗುತ್ತದೆ, ಈ ರೋಗಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಬದನೆಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಕಸಿ ಕಟ್ಟುವುದನ್ನು ಕೂತು ಕಲಿಯಲು ಬೇರೆಯೇ ಸಮಯ ಇಟ್ಟಿರುತ್ತೇವೆ.

ಅಪ್ಪೆಮಿಡಿ ಓಟೆ ಸಿಗುತ್ತದಾ?

ಅಪ್ಪೆಮಿಡಿ ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿ. ಅದರ ಓಟೆ (ಗೊರಟು) ನೆಟ್ಟರೆ ಅದೇ ಮಿಡಿ ಬರುತ್ತದೆ ಅನ್ನುವ ನಂಬಿಕೆ ಬೇಡ. ಮಾವಿನಲ್ಲಿ ಬೀಜದ ಗಿಡ ತಾಯಿಯ ಹಾಗೇ ಇರುವ ಖಾತ್ರಿ ಇಲ್ಲ. ಜೀರಿಗೆ ಪರಿಮಳ ಬೇಕು ಅಂದರೆ ಜೀರಿಗೆ ಮಿಡಿ ಮರದ ಕುಡಿಯನ್ನೇ ಕಾಟುಮಾವಿನ ಸಸಿಗೆ ಕಸಿ ಕಟ್ಟಬೇಕು. ಕಟ್ಟಿದ ಗಿಡ ನಾಲ್ಕೈದು ವರ್ಷದಲ್ಲಿ ಫಲ ಕೊಡಲು ಶುರು ಮಾಡುತ್ತದೆ. ಕಸಿಗೆ ಮಳೆಗಾಲದ ತಂಪು ಒಳ್ಳೆಯದು. ಹಾಗಾಗಿ ಮೇ ಕೂಟದಲ್ಲಿ ಸಿಗುವುದು ವಿಳಾಸ ಮಾತ್ರ, ಯಾರ ಮನೆಯಲ್ಲಿ ಯಾವ ಮರ ಇದೆ ಅನ್ನುವುದು. ಕುಡಿ ತರಲು ಹೋಗುವಾಗ ಎಲೆ ಸವರಿ, ಒದ್ದೆ ಬಟ್ಟೆ ಸುತ್ತಿ, ಬಾಳೆ ಪಟ್ಟೆಯಲ್ಲಿ ಕಟ್ಟಿಕೊಂಡು ಬನ್ನಿ. ಹೊಳೆಬದಿಯ ಎಷ್ಟೋ ಹಳೆಯ ಮಿಡಿ ಮರಗಳು ಬಿದ್ದುಹೋಗಿವೆ. ಮಿಡಿ ಕೊಯ್ಯುವ ಅವಸರಕ್ಕೆ ಕೊಂಬೆಯನ್ನೇ ಕಡಿದವೂ ಇವೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸಂತೋಷ. ಮರ ಉಳಿಯಬೇಕಾದರೆ ಅದರ ಕುಡಿ ಹತ್ತು ಹಿತ್ತಲಿಗೆ ಹೋಗಬೇಕು.

ಮಂಗನ ಕಾಟಕ್ಕೆ ಪರಿಹಾರ ಸಿಗುತ್ತದಾ?

ಪೂರ್ತಿ ಪರಿಹಾರ ಯಾರ ಹತ್ತಿರವೂ ಇಲ್ಲ, ಇದೆ ಅಂತ ಹೇಳಿ ಕರೆಯುವುದು ನಮಗೆ ಇಷ್ಟವಿಲ್ಲ. ಬಲೆ, ನಾಯಿ, ಪಟಾಕಿ ಎಲ್ಲವೂ ಸ್ವಲ್ಪ ದಿನ ನಡೆಯುತ್ತವೆ. ನಮ್ಮ ಅನುಭವದಲ್ಲಿ ಬೆಳೆ ಬದಲಿಸಿದವರೇ ನೆಮ್ಮದಿಯಾಗಿದ್ದಾರೆ. ಕೆಸು, ಸುವರ್ಣಗಡ್ಡೆ, ಅರಿಶಿನ, ಸೂಜಿಮೆಣಸು, ಹಾಗಲ ಇವನ್ನು ಮಂಗ ಮುಟ್ಟುವುದು ಕಡಿಮೆ. ಸೌತೆ, ಬೆಂಡೆಯನ್ನು ಮನೆ ಬಾಗಿಲಿನ ಹತ್ತಿರಕ್ಕೆ ತನ್ನಿ. ಗಡ್ಡೆಗೆ ಮುಳ್ಳುಹಂದಿ, ಕಾಡುಹಂದಿ ಬರುತ್ತವೆ, ಅದಕ್ಕೆ ಬೇಲಿಯೇ ಗತಿ.

ಮಳೆಗಾಲದ ಬಸವನಹುಳುವಿಗೆ ಮಾತ್ರ ಪಕ್ಕಾ ಉಪಾಯ ಇದೆ: ಸಂಜೆ ಒದ್ದೆ ಗೋಣಿಚೀಲ ಮಡಿಯ ಪಕ್ಕ ಹಾಸಿ, ಬೆಳಿಗ್ಗೆ ಎತ್ತಿ ಆರಿಸಿ. ಉಪ್ಪು ಹಾಕಬೇಡಿ, ಮಣ್ಣು ಕೆಡುತ್ತದೆ.

ತೋಟ ನೋಡಲು ಕರೆದುಕೊಂಡು ಹೋಗುತ್ತೀರಂತೆ. ಮಂಗನ ಕಾಯಿಲೆ ಭಯ ಇಲ್ಲವಾ?

ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಕಡೆ. ಹರಡುವುದು ಉಣ್ಣೆ ಹುಳದ ಕಡಿತದಿಂದ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ನಮ್ಮ ಮೇ ಕೂಟವೂ ಅದರೊಳಗೇ ಬರುತ್ತದೆ, ಹಾಗಾಗಿ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮನೆಗೆ ತಾಗಿದ ಹಿತ್ತಲುಗಳಿಗೆ ಮಾತ್ರ ಹೋಗುತ್ತೇವೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ, ದರಗು (ಉದುರಿದ ಒಣ ಎಲೆ) ರಾಶಿ ಇರುವ ಕಡೆಗೆ ಕರೆದುಕೊಂಡು ಹೋಗುವುದಿಲ್ಲ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ತೋಟ ನೋಡುವ ಕಾರ್ಯಕ್ರಮವೇ ರದ್ದು.

ಹಿತ್ತಲಿಗೆ ದರಗು ತರುವವರಿಗೆ ಒಂದು ಮಾತು. ಆ ತಿಂಗಳುಗಳಲ್ಲಿ ಕಾಡಿಗೆ ಹೋಗುವ ಮೊದಲು ಉಣ್ಣೆ ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಮೈ ಮುಚ್ಚುವ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಜ್ವರ ಬಂದರೆ ಮನೆಯಲ್ಲಿ ಕಷಾಯ ಕುಡಿದು ಕಾಯಬೇಡಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಹೇಳಿ.

ಶಿವಮೊಗ್ಗದಲ್ಲಿ ಬಾಡಿಗೆ ಮನೆ. ತಾರಸಿ ಮಾತ್ರ ಇದೆ. ನನಗೆ ಉಪಯೋಗ ಆಗುತ್ತದಾ?

ಆಗುತ್ತದೆ. ಬಸಳೆ, ಹರಿವೆ, ಒಂದೆಲಗ, ಸೂಜಿಮೆಣಸು ಕುಂಡದಲ್ಲಿ ಚೆನ್ನಾಗಿ ಬರುತ್ತವೆ. ಬೀಜ ಉಳಿಸುವ ವಿಷಯದಲ್ಲಿ ನಿಮಗೊಂದು ಅನುಕೂಲವೂ ಇದೆ: ಪೇಟೆಯಲ್ಲಿ ಮಳೆ ಕಡಿಮೆ, ಬೀಜ ಬೇಗ ಒಣಗುತ್ತದೆ. ಘಟ್ಟದ ಮೇಲಿನವರು ಕಷ್ಟಪಡುವ ಎಷ್ಟೋ ತಳಿಯ ಬೀಜ ನೀವು ಸಲೀಸಾಗಿ ತೆಗೆದುಕೊಡಬಹುದು.

ವಿಜ್ಞಾನಿಗಳು ಬರುತ್ತಾರಾ? ಸನ್ಮಾನ, ಉದ್ಘಾಟನೆ ಎಲ್ಲ ಇರುತ್ತದಾ?

ಹಾರ, ಶಾಲು, ಉದ್ಘಾಟನೆ ಇಲ್ಲ. ಬೆಳಗಿನ ಹೊತ್ತು ಅದಕ್ಕೇ ಹೋದರೆ ದೂರದಿಂದ ಬಂದ ಹೆಂಗಸರು ಬಾಯಿ ಬಿಡುವಷ್ಟರಲ್ಲಿ ಬಸ್ಸಿನ ಸಮಯವಾಗುತ್ತದೆ. ವಿಜ್ಞಾನಿಗಳು ಬೇಕು. 2012ರಲ್ಲಿ ಶುರುವಾದ, ಈಗ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಸಾಗರ ತಾಲೂಕಿನ ಇರುವಕ್ಕಿಯಲ್ಲಿ ಅದರ ದೊಡ್ಡ ಆವರಣ ಇದೆ. ರೋಗ, ಮಣ್ಣಿನ ಪ್ರಶ್ನೆಗಳನ್ನು ಅಲ್ಲಿಯವರಿಗೆ ಕೇಳುವುದೇ ಸರಿ. ಅವರೂ ಎಲ್ಲರ ಜೊತೆ ಚಾಪೆ ಮೇಲೆ ಕೂತು ಮಾತಾಡಬೇಕು ಅನ್ನುವುದು ನಮ್ಮ ಆಸೆ.

ಬೀಜ ಉಳಿಸುವ ಕೆಲಸದಲ್ಲಿ ನಮಗಿಂತ ಮುಂಚೆ ನಡೆದವರೂ ಇದ್ದಾರೆ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಮಲೆನಾಡಿನ ತರಕಾರಿ, ಗಡ್ಡೆ, ಹೂವಿನ ತಳಿಗಳನ್ನು ಉಳಿಸಿ ಹಂಚುತ್ತಾ ಬಂದಿದ್ದಾರೆ, ಮಲ್ನಾಡ್ ಮೇಳ ನಡೆಸುತ್ತಾರೆ. ಅಲ್ಲಿಗೂ ಹೋಗಿ ನೋಡಿ.

ಊಟ, ವಸತಿ, ಶುಲ್ಕ?

ಶುಲ್ಕ ಇಲ್ಲ. ಮಧ್ಯಾಹ್ನದ ಊಟ ಎಲ್ಲರೂ ಸೇರಿ ಮಾಡುವುದು, ಮನೆಯ ತರಕಾರಿ ಏನಿದ್ದರೂ ತನ್ನಿ. ದೂರದವರಿಗೆ ಹತ್ತಿರದ ಮನೆಗಳಲ್ಲಿ ಉಳಿಯಲು ವ್ಯವಸ್ಥೆ ಇದೆ, ಮೊದಲೇ ತಿಳಿಸಿ. ಬೆಂಗಳೂರಿನಿಂದ ಬರುವವರಿಗೆ ಶಿವಮೊಗ್ಗ, ಸಾಗರ, ತಾಳಗುಪ್ಪದವರೆಗೆ ರೈಲು ಇದೆ. ಮಕ್ಕಳನ್ನು ಕರೆದುಕೊಂಡು ಬನ್ನಿ.

ನಮ್ಮೂರಲ್ಲೇ ಇಂಥ ಕೂಟ ನಡೆಸಬೇಕು ಅಂತ ಇದೆ. ಹೇಗೆ ಶುರು ಮಾಡುವುದು?

ಹತ್ತು ಮನೆ ಸಾಕು. ಶಾಲೆಯ ಜಗಲಿ, ದೇವಸ್ಥಾನದ ಪೌಳಿ, ಯಾರದ್ದಾದರೂ ಅಂಗಳ ಎಲ್ಲಿಯಾದರೂ ಆಗುತ್ತದೆ. ಭರಣಿ ಮಳೆಗೆ ಮುಂಚಿನ ಒಂದು ಭಾನುವಾರ ಗೊತ್ತು ಮಾಡಿ. ಕರೆಯುವಾಗ ಮನೆಯ ಯಜಮಾನರಿಗೆ ಮಾತ್ರ ಹೇಳಿ ಬರಬೇಡಿ, ಒಳಗೆ ಹೋಗಿ ಅಮ್ಮನವರಿಗೆ, ಸೊಸೆಯಂದಿರಿಗೆ ಹೇಳಿ. ಬೀಜದ ಡಬ್ಬಿ ಇರುವುದು ಅವರ ಕೈಯಲ್ಲಿ. ಕೂಟಕ್ಕೆ ಬರಲಾಗದ ಅಜ್ಜಿಯರ ಮನೆಗೆ ಒಂದು ವಾರ ಮುಂಚೆಯೇ ಹೋಗಿ ಬೀಜ, ವಿವರ ಎರಡನ್ನೂ ಬರೆದು ತನ್ನಿ.

ಒಂದು ಉದ್ದ ನೋಟ್‌ಬುಕ್ ಇಡಿ. ಎಡಗಡೆ ಯಾರು ಏನು ತಂದರು, ಬಲಗಡೆ ಯಾರು ತೆಗೆದುಕೊಂಡರು. ಫೋನಿನಲ್ಲಿ ಬರೆದಿಟ್ಟರೂ ಸರಿ, ನೋಟ್‌ಬುಕ್ ಮಾತ್ರ ಬಿಡಬೇಡಿ. ಮುಂದಿನ ವರ್ಷ ಕೂಟಕ್ಕೆ ಹದಿನೈದು ದಿನ ಇರುವಾಗ ಬಲಗಡೆಯ ಹೆಸರುಗಳಿಗೆ ಒಂದೊಂದಾಗಿ ಫೋನ್ ಮಾಡಿ, ‘ಆ ಬೀಜ ಬಂತಾ, ಉಳಿಸಿದ್ದೀರಾ’ ಅಂತ ಕೇಳಿ. ಬರಲಿಲ್ಲ ಅಂದವರಿಗೆ ಮತ್ತೊಂದು ಪೊಟ್ಟಣ ತೆಗೆದಿಡಿ. ಬೀಜದ ಪಟ್ಟಿ, ಪೊಟ್ಟಣದ ಮೇಲೆ ಅಂಟಿಸುವ ಚೀಟಿಯ ನಮೂನೆ ಬೇಕಾದರೆ ನಮ್ಮನ್ನು ಕೇಳಿ, ಕಳಿಸುತ್ತೇವೆ. ಮೊದಲ ವರ್ಷಕ್ಕೆ ಹಂಚಲು ಬೀಜ ಕಡಿಮೆಯಿದ್ದರೆ ನಮ್ಮ ಜಗಲಿಯಿಂದಲೂ ಒಂದಿಷ್ಟು ತೆಗೆದುಕೊಂಡು ಹೋಗಿ.